ಅತ್ತೆಗೆ ಹುಲ್ಲು ತೋರಿಸಿದ್ದು

ಮಸ್ಕತ್ತಿಗೆ ಬಂದವರು ಏನೇನು ನೋಡಬೇಕು ಎಂದು ಯಾರಾದರೂ ಕೇಳಿದರೆ ನಾನು ಈಗಲೂ ಮಾತು ಬದಲಿಸುತ್ತೇನೆ. ಕೋಟೆಗಳಿವೆ, ಮತ್ರಾದ ಹಳೆಯ ಪೇಟೆಯಿದೆ, ಧೂಪದ ಅಂಗಡಿಗಳಿವೆ, ಊರು ಬಿಟ್ಟು ಸ್ವಲ್ಪ ದೂರ ಹೋದರೆ ಸಾಕು ಸಾಕೆನ್ನುವಷ್ಟು ಮರಳಿದೆ. ಇದೆಲ್ಲ ನನಗೆ ಗೊತ್ತಿಲ್ಲವೆಂದಲ್ಲ. ಗೊತ್ತಿದ್ದೂ ನಾನು ಕಾರ್ಕಳದಿಂದ ಹೊರಟು ವಿಮಾನ ಹತ್ತಿ ಬಂದ ಹೆಂಡತಿಯ ತಾಯಿಗೆ ಮೂರು ವಾರ ತೋರಿಸಿದ್ದು ಹುಲ್ಲು. ಹೌದು, ದನ ಮೇಯುತ್ತದಲ್ಲ, ಅದೇ ಹುಲ್ಲು. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಇದು ಎಂಬತ್ತರ ದಶಕದ ಕೊನೆಯ ಮಾತು. ನಾನು ಒಂದು ಟ್ರೇಡಿಂಗ್ ಕಂಪೆನಿಯ ಲೆಕ್ಕ ವಿಭಾಗದಲ್ಲಿದ್ದೆ. ಅಲ್ ಅಜೈಬಾದಲ್ಲಿ ಮೇಲ್ಮಹಡಿಯ ಮನೆ. ಮನೆಯ ಹಿಂದೆ ಬರೀ ಕಲ್ಲು, ಮರಳು, ಅದರಾಚೆ ಸೀದ ರೊಟ್ಟಿಯ ಬಣ್ಣದ ಗುಡ್ಡ. ಅಂಥ ಕಡೆ ವರ್ಷಗಟ್ಟಲೆ ಇದ್ದರೆ ಮನುಷ್ಯನಿಗೆ ಒಂದು ರೋಗ ಹತ್ತುತ್ತದೆ. ಎಲ್ಲಿ ಹಸಿರು ಕಂಡರೂ ಕಾರು ನಿಧಾನವಾಗುತ್ತದೆ. ವಾರದ ರಜೆಯಾದ ಶುಕ್ರವಾರ ಸಂಜೆ ನಾವು ಊರಿನವರೆಲ್ಲ ಹೆದ್ದಾರಿಯ ರೌಂಡಬೌಟಿನ ನಡುವಿನ ಹುಲ್ಲಿನ ಮೇಲೆ ಚಾಪೆ ಹಾಸಿ ಚಿತ್ರಾನ್ನ ತಿನ್ನುತ್ತಿದ್ದೆವು. ಸುತ್ತಲೂ ಲಾರಿಗಳು ಗಿರಕಿ ಹೊಡೆಯುತ್ತಿದ್ದವು. ಇದರಲ್ಲಿ ವಿಚಿತ್ರವಾದದ್ದೇನೋ ಇದೆ ಎಂದು ಒಬ್ಬರಿಗೂ ಅನಿಸಿರಲಿಲ್ಲ.

ಊರಲ್ಲಿ ಬಾಣಂತನ ಮುಗಿಸಿದ ಹೆಂಡತಿ ಶೋಭಾ ಮೂರು ತಿಂಗಳ ಮಗುವಿನೊಂದಿಗೆ ಹೊರಟಾಗ ಅತ್ತೆ ತಾವೂ ಬರುತ್ತೇನೆಂದರು. ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: "ಜಾಗ ನಾನೇ ಬಂದು ನೋಡ್ತೇನೆ. ಮಗು ಬೆಳೆಯುವ ಊರು ಅಲ್ಲ ಅಂತ ಕಂಡ್ರೆ ಇಬ್ಬರನ್ನೂ ವಾಪಸ್ ಕರ್ಕೊಂಡು ಬರ್ತೇನೆ. ನೀವು ಬೇಸರ ಮಾಡ್ಬಾರ್ದು." ನನಗೆ ಬೇಸರವಲ್ಲ, ಜೀವವೇ ಬಾಯಿಗೆ ಬಂತು. ಮದುವೆಗೆ ಮೊದಲು ಆರು ಜನರ ಕೋಣೆಯಲ್ಲಿದ್ದು ಸರದಿಯ ಮೇಲೆ ಬೇಯಿಸಿದ ತಿಳಿಸಾರು ಉಂಡವನು ನಾನು. ಈಗ ಮನೆಯಲ್ಲಿ ತೊಟ್ಟಿಲು ಬರುತ್ತಿದೆ. ಅದು ಬಂದ ದಾರಿಯಲ್ಲೇ ತಿರುಗಿ ಹೋಗಬಾರದು. ಅಂದರೆ ಅತ್ತೆಗೆ ಇದು ಮರುಭೂಮಿ ಎಂದು ಗೊತ್ತಾಗಬಾರದು.

ಮರುಭೂಮಿಯ ನಡುವೆ ಕುಳಿತು ಮರುಭೂಮಿಯನ್ನು ಬಚ್ಚಿಡುವುದು ಸುಲಭವಲ್ಲ. ವಿಮಾನ ಇಳಿದದ್ದು ಕತ್ತಲಾದ ಮೇಲೆ, ನನ್ನ ಪುಣ್ಯ. ಹಿಂದಿನ ಕಿಟಕಿಗೆ ದಪ್ಪ ಪರದೆ ಹಾಕಿ, ಬಿಸಿಲಿಗೆ ಸೋಫಾದ ಬಣ್ಣ ಹೋಗುತ್ತದೆಂದು ಹೇಳಿದೆ. ಹೊರಗೆ ಕರೆದೊಯ್ಯುತ್ತಿದ್ದುದು ಸೂರ್ಯ ಮುಳುಗಿದ ನಂತರವೇ. ಸೆಕೆ ಎಂಬುದು ನೆಪ. ಕತ್ತಲೆಯಲ್ಲಿ ಗುಡ್ಡ ಕಾಣುವುದಿಲ್ಲ, ದೀಪದ ಕೆಳಗಿನ ಹುಲ್ಲು ಮಾತ್ರ ಕಾಣುತ್ತದೆ. ಹೋಟೆಲಿನ ಮುಂದಿನ ಹುಲ್ಲು, ಉದ್ಯಾನದ ಹುಲ್ಲು, ಆಮೇಲೆ ನಮ್ಮ ಹೆಮ್ಮೆಯ ರೌಂಡಬೌಟಿನ ಹುಲ್ಲು. ಅತ್ತೆ ಸೆರಗಿನಿಂದ ಬೆವರು ಒರೆಸುತ್ತ ಸುತ್ತಲೂ ನೋಡಿದರು.

"ಇಷ್ಟು ಹುಲ್ಲು ಉಂಟಲ್ಲ, ದನ ಎಲ್ಲಿ?"

"ದನ ಇಲ್ಲ ಅತ್ತೆ. ಇದು ನೋಡ್ಲಿಕ್ಕೆ."

"ಓ, ನೋಡ್ಲಿಕ್ಕಾ!" ಎಂದು ಅವರು ವಿಧೇಯರಾಗಿ ಇನ್ನೊಮ್ಮೆ ನೋಡಿದರು. ಶೋಭಾ ಮಗುವಿನ ಟೊಪ್ಪಿ ಸರಿಮಾಡುವವಳಂತೆ ತಲೆ ತಗ್ಗಿಸಿ ನಗುತ್ತಿದ್ದಳು. ನಾನು ಸಂತೋಷದ ನಗುವೆಂದುಕೊಂಡೆ.

ಒಂದು ಸಂಜೆ ಸೂಪರ್ ಮಾರ್ಕೆಟ್ಟಿಗೂ ಕರೆದೊಯ್ದೆ. ಮಂಜಿನಂಥ ತಣ್ಣನೆಯ ಗಾಜಿನ ಪೆಟ್ಟಿಗೆಯಲ್ಲಿ ಹರಿವೆ, ಬಸಳೆ ಜೋಡಿಸಿಟ್ಟದ್ದನ್ನು ತೋರಿಸಿ, "ಎಲ್ಲ ತಾಜಾ!" ಎಂದು ನಾನೇ ಬೆಳೆದವನ ಹಾಗೆ ಹೇಳಿದೆ. ಅತ್ತೆ ಅತ್ತ ನೋಡಲೇ ಇಲ್ಲ. ಪಕ್ಕದ ಬುಟ್ಟಿಯಿಂದ ಮರಗೆಣಸು ಆರಿಸಿ ಆರಿಸಿ ಗಾಡಿ ತುಂಬಿಸುತ್ತಿದ್ದರು. "ಇಷ್ಟೊಂದು ಯಾಕತ್ತೆ?" ಎಂದರೆ, "ಇರ್ಲಿ, ಬೇಕಾಗ್ತದೆ" ಎಂದರು. ಪಾಪ, ಊರಿನ ನೆನಪು ಎಂದು ನಾನು ಒಳಗೊಳಗೇ ನೊಂದುಕೊಂಡೆ. ಮರುದಿನ ಇನ್ನೂ ದೊಡ್ಡ ಹುಲ್ಲುಹಾಸು ಹುಡುಕಿದೆ.

ನಂತರದ ಗುರುವಾರ ಅರ್ಧ ದಿನದ ಆಫೀಸು ಮುಗಿಸಿ ಮನೆಗೆ ಬಂದರೆ ಒಳಗೆ ಯಾರೂ ಇಲ್ಲ. ಮಂಚದ ಮೇಲೆ ಅತ್ತೆಯ ಸೂಟ್‌ಕೇಸು ಬಾಯಿ ತೆರೆದುಕೊಂಡು ಕುಳಿತಿದೆ. ಸೀರೆಗಳೆಲ್ಲ ಒಂದು ಬದಿಗೆ, ಇನ್ನೊಂದು ಬದಿ ಖಾಲಿ. ಆ ಖಾಲಿ ಬದಿ ಮಗುವಿನ ಬಟ್ಟೆಗೆಂದು ನನಗೆ ಕ್ಷಣದಲ್ಲಿ ಹೊಳೆಯಿತು. ಖಲಾಸ್, ನನ್ನ ಸಂಸಾರ ಮುಗಿಯಿತು ಎಂದುಕೊಂಡು ಕೆಳಗಿನ ಮನೆಯ ಲಿಲ್ಲಿಬಾಯಿಯ ಬಾಗಿಲು ಬಡಿದೆ. ಮಂಗಳೂರಿನ ಆ ಹೆಂಗಸು ತೊಟ್ಟಿಲು ತೂಗುತ್ತಿದ್ದಳು. ಒಳಗೆ ನನ್ನ ಮಗು ನಿದ್ದೆ ಮಾಡುತ್ತಿತ್ತು. "ಅವರು ಟೆರೇಸಿನಲ್ಲಿ ಅಲ್ವಾ? ದಿನಾ ಅಲ್ಲೇ ಮಾರಾಯ್ರೆ, ನಿಮ್ಗೆ ಗೊತ್ತಿಲ್ವಾ?" ಎಂದಳು.

ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದೆ. ಟೆರೇಸಿನ ಉದ್ದಗಲಕ್ಕೂ ನನ್ನ ಲುಂಗಿಗಳು, ಮಂಚದ ಹಾಸುಗಳು. ಅವುಗಳ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಮರಗೆಣಸಿನ ಹಪ್ಪಳ. ನೀರಿನ ಟ್ಯಾಂಕಿಯ ನೆರಳಿನಲ್ಲಿ ಅತ್ತೆ ಬೈರಾಸು ತಲೆಗೆ ಕಟ್ಟಿಕೊಂಡು ಕುಳಿತಿದ್ದರು. ಶೋಭಾ ಪ್ಲಾಸ್ಟಿಕ್ ಹಾಳೆಯ ನಡುವೆ ಉಂಡೆ ಇಟ್ಟು ಮಣೆಯಿಂದ ಒತ್ತುತ್ತಿದ್ದಳು. ನಾನು ಇಷ್ಟು ದಿನ ಮುಚ್ಚಿಟ್ಟಿದ್ದ ಕಲ್ಲು, ಮರಳು, ಬೋಳು ಗುಡ್ಡ ಎಲ್ಲವೂ ಅವರ ಸುತ್ತ ನಾಲ್ಕು ದಿಕ್ಕಿಗೂ ಸಾಲಾಗಿ ನಿಂತಿದ್ದವು. ಅಭ್ಯಾಸಬಲದಿಂದ ಕೈ ಎತ್ತಿ ದೂರಕ್ಕೆ ತೋರಿಸಿ, "ಅತ್ತೆ, ಅಲ್ಲಿ ನೋಡಿ, ಒಂದು ಮರ" ಎಂದುಬಿಟ್ಟೆ.

ಅತ್ತೆ ಆ ಕಡೆ ತಿರುಗಲಿಲ್ಲ. "ನಾನು ಮರ ನೋಡಿದ್ದೇನೆ ಅಳಿಯಂದಿರೇ. ಇಂಥ ಬಿಸಿಲು ನೋಡಿರ್ಲಿಲ್ಲ. ಊರಲ್ಲಿ ಈಗ ಆಟಿ ತಿಂಗಳ ಬಿಡದ ಮಳೆ, ಮಗುವಿನ ಬಟ್ಟೆ ಒಲೆಯ ಮೇಲೆ ಹಿಡಿದು ಒಣಗಿಸ್ಬೇಕು. ಇಲ್ಲಿ ಹಾಕಿ ತಿರುಗುವಷ್ಟರಲ್ಲಿ ಒಣಗ್ತದೆ! ಹಪ್ಪಳ ನೋಡಿ, ಕಾಗೆ ಸಹಾ ಮುಟ್ಟಿಲ್ಲ. ಈ ಹೊತ್ತಿಗೆ ಅದಕ್ಕೂ ನೆರಳು ಬೇಕು."

"ನಿಮಗೆ ಇದೆಲ್ಲ ಯಾವಾಗ ಗೊತ್ತಾಯಿತು?" ಎಂದೆ.

"ಬಂದ ಮರುದಿನವೇ. ಬಟ್ಟೆ ಹಾಕ್ಲಿಕ್ಕೆ ಮೇಲೆ ಬಂದವಳು ನೋಡಿದೆ. ಮತ್ತೆ ನೀವು ಅಷ್ಟು ಆಸೆಯಿಂದ ಹುಲ್ಲು ತೋರಿಸುವಾಗ ಬೇಡ ಅನ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಮೂರು ವಾರ ಆ ಸೆಕೆಯಲ್ಲಿ ನನ್ನ ಮನಸ್ಸು ನೋಯಬಾರದೆಂದು ಹುಲ್ಲಿನ ಮೇಲೆ ಕುಳಿತಿದ್ದರಂತೆ! ನಾನು ಅವರಿಗೆ ಮೋಸ ಮಾಡುತ್ತಿದ್ದೇನೆಂದುಕೊಂಡರೆ, ಅವರು ನನ್ನನ್ನು ಸಂಭಾಳಿಸುತ್ತಿದ್ದರು. ಆ ಟೆರೇಸಿನ ಬಿಸಿಯಲ್ಲೂ ನನ್ನ ಮುಖದ ಬಿಸಿ ಬೇರೆಯಾಗಿ ಗೊತ್ತಾಗುತ್ತಿತ್ತು. ಅಂಜುತ್ತ ಸೂಟ್‌ಕೇಸಿನ ಮಾತು ತೆಗೆದೆ. "ಅದಾ? ಅರ್ಧ ಹಪ್ಪಳಕ್ಕೆ. ಮಗು ಇಲ್ಲೇ ಇರ್ಲಿ. ಬಟ್ಟೆ ಒಣಗುವ ಊರು ಬಿಟ್ಟು ಎಲ್ಲಿಗೆ ಹೋಗುವುದು? ಅದರ ಅಪ್ಪನೂ ಇದ್ದಾರಲ್ಲ" ಎಂದರು. ಬಿಸಿಲಿನ ನಂತರ ನನ್ನ ಹೆಸರೂ ಬಂತಲ್ಲ ಎಂದು ನಾನು ಕಣ್ಣು ಒರೆಸಿಕೊಂಡೆ. ಅತ್ತೆ ಅದನ್ನು ಬೆವರೆಂದುಕೊಂಡಂತೆ ನಟಿಸಿದರು.

ಮರುವರ್ಷ ರಜೆಯಲ್ಲಿ ನಾವು ಕಾರ್ಕಳಕ್ಕೆ ಹೋದೆವು. ಊಟಕ್ಕೆ ಮನೆ ತುಂಬ ನೆಂಟರು. ಎಲ್ಲರ ಎಲೆಗೂ ಮಸ್ಕತ್ತಿನ ಬಿಸಿಲಿನ ಹಪ್ಪಳ. ಹುಲ್ಲಿನ ಸುದ್ದಿ ಒಬ್ಬರೂ ಎತ್ತಲಿಲ್ಲ, ಅತ್ತೆ ಯಾರಿಗೂ ಹೇಳಿಲ್ಲವೆಂದು ನಾನು ಧೈರ್ಯವಾಗಿ ಪಾಯಸ ಉಂಡೆ. ಕೈ ತೊಳೆದು ಬಂದಾಗ ಅತ್ತೆ ಹಿತ್ತಿಲ ಬಾಗಿಲಲ್ಲಿ ನಿಂತಿದ್ದರು. ಮುಖದಲ್ಲಿ ನಗುವಿನ ಸುಳಿವಿಲ್ಲ. "ಬನ್ನಿ ಅಳಿಯಂದಿರೇ, ಹುಲ್ಲು ತೋರಿಸ್ತೇನೆ" ಎಂದರು. ಒಳಗೆ ಇಡೀ ಪಂಕ್ತಿ ಗೊಳ್ಳೆಂದು ನಕ್ಕಿತು.

ಓಡಿಹೋಗಲು ಜಾಗವಿರಲಿಲ್ಲ, ಹಿತ್ತಿಲಿಗೇ ಹೋದೆ. ಹೋದವನು ಅವರು ಚಹಾಕ್ಕೆ ಕರೆಯುವವರೆಗೂ ಒಳಗೆ ಬರಲಿಲ್ಲ. ನಾಚಿಕೆಯಿಂದ ಅಡಗಿ ಕುಳಿತಿದ್ದಾನೆಂದು ಎಲ್ಲರೂ ತಿಳಿದರು. ನಾನೂ ಹಾಗೆಯೇ ಹೇಳಿದೆ. ಹುಲ್ಲು ನೋಡುತ್ತ ಕುಳಿತಿದ್ದೆನೆಂದು ಹೇಳುವುದು ಹೇಗೆ?