ಕನ್ನಗಳ್ಳನ ದಾರಿ ಕಾದ ಕಾಕಾ

ಇಡೀ ಹೈದರಾಬಾದಿನಲ್ಲಿ ಕಳ್ಳನ ದಾರಿ ಕಾಯುತ್ತಿದ್ದ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಕಾಕಾ ಒಬ್ಬರೇ! ಅದೂ ಎಂಥ ಕಳ್ಳ? ಅಂತಿಂಥವನಲ್ಲ, ಕನ್ನಗಳ್ಳ!

ಆಂಧ್ರ ಇನ್ನೂ ಒಂದೇ ರಾಜ್ಯವಾಗಿದ್ದ ಕಾಲ. ಸರ್ಕಾರಿ ನೌಕರಿಯಿಂದ ನಿವೃತ್ತರಾದ ಕಾಕಾಗೆ ಶಬ್ದಗಳ ಹುಚ್ಚು ಹಿಡಿದಿತ್ತು. ನಾರಾಯಣಗೂಡದ ಮನೆಯಲ್ಲಿ ಕೂತು ಒಂದೊಂದು ಶಬ್ದದ ಕುಲಗೋತ್ರ ಹುಡುಕಿ ವಹಿಯಲ್ಲಿ ಬರೆಯುವುದೇ ಕೆಲಸ. ಒಂದು ಬೇಸಿಗೆಯಲ್ಲಿ ‘ಕನ್ನ’ದ ಪಾಳಿ ಬಂತು ನೋಡಿ, ಮನೆಯ ಗ್ರಹಚಾರ ಕೆಟ್ಟಿತು.

“ಕನ್ನ ಅಂದ್ರ ಗೋಡಿಗೆ ಕೊರದ ತೂತು! ತೆಲುಗಿನವರೂ ಕನ್ನಂ ಅಂತಾರ. ಉರ್ದುದಾಗ ನಖಬ್, ಅದೂ ತೂತ! ಮೂರು ಭಾಷಾ ಸಾಕ್ಷಿ ಹೇಳಾಕತ್ತಾವ. ಖರೇ ಕನ್ನಗಳ್ಳ ಬಾಗಿಲಾಗಿಂದ ಬರಂಗಿಲ್ಲ!”

“ಮತ್ತ ಬಾಗಿಲಾಗಿಂದ ಬರವ್ರು ಯಾರ್ರಿ?” ಕಾಕೂ ಕೇಳಿದರು.

“ಬೀಗರು!”

ಅಂದಿನಿಂದ ಗೋಡೆಗಳ ತಪಾಸಣೆ ಶುರು. ದಿನಾ ಊಟವಾದ ಮೇಲೆ ಊರುಗೋಲಿನಿಂದ ಟಕ್ ಟಕ್ ಎಂದು ಬಡಿಯುವುದು, ಕಿವಿ ಹಚ್ಚಿ ಕೇಳುವುದು. ಟ್ರಂಕುಗಳೆಲ್ಲ ಗೋಡೆ ಬಿಟ್ಟು ಕೋಣೆಯ ನಡುವೆ ಬಂದು ಕೂತವು. ನಾವು ಹೋದರೆ ಟ್ರಂಕಿಗೆ ಪ್ರದಕ್ಷಿಣೆ ಹಾಕಿಯೇ ಒಳಗೆ ಹೋಗಬೇಕು! ಹಿತ್ತಲ ಬಾಗಿಲಿನ ಅಗುಳಿಯನ್ನು ಮಾತ್ರ ಕಾಕಾ ಮುಟ್ಟಲಿಲ್ಲ. ಬಾಗಿಲಿಗೂ ಕನ್ನಗಳ್ಳನಿಗೂ ಏನು ಸಂಬಂಧ?

ಆಯಿತಲ್ಲ! ಒಂದು ಮಧ್ಯಾಹ್ನ ಕಾಕೂ ನಮ್ಮ ಮನೆಗೆ ಸಂಡಿಗೆ ಹಾಕಲು ಬಂದಿದ್ದರು. ಕಾಕಾ ಮುಂದಿನ ಕೋಣೆಯಲ್ಲಿ ಗೋಡೆ ಬಡಿಯುತ್ತಿದ್ದರು. ಕಳ್ಳ ಹಿತ್ತಲ ಬಾಗಿಲಿನಿಂದ ಒಳಗೆ ಬಂದ. ಟಕ್ ಟಕ್ ಕೇಳಿಸುತ್ತಿರುವವರೆಗೆ ಯಜಮಾನರು ಎಲ್ಲಿದ್ದಾರೆಂಬ ಚಿಂತೆ ಅವನಿಗೇಕೆ? ನಿಧಾನವಾಗಿ ಟ್ರಂಕು ತೆಗೆದು, ಕಾಕೂಗೆ ಅವರ ತಾಯಿ ಕೊಟ್ಟಿದ್ದ ಬೋರಮಾಳ ಸರ ಎತ್ತಿಕೊಂಡು ಹೋದ.

ದೂರು ಬರೆದುಕೊಳ್ಳಲು ಬಂದ ಹೆಡ್ ಕಾನ್‌ಸ್ಟೇಬಲ್ ಪಾಪ, “ಕನ್ನಂ ದೊಂಗ” ಎಂದುಬಿಟ್ಟ. ಕಾಕಾ ಹಾರಿಬಿದ್ದರು.

“ಕನ್ನಂ ಎಕ್ಕಡುಂದಿ? ಚೂಪಿಂಚಂಡಿ!”

ಕನ್ನ ಎಲ್ಲಿದೆ ತೋರಿಸು ಎಂದರೆ ಅವನು ಎಲ್ಲಿಂದ ತೋರಿಸಿಯಾನು? ನಾಲ್ಕೂ ಗೋಡೆ ನೋಡಿ ತಲೆ ಕೆರೆದುಕೊಂಡ. “ಮೀರು ದೊಂಗ ತರಫಾ ಸಾರ್?” ಎಂದ. ನೀವು ಕಳ್ಳನ ಕಡೆಯವರಾ ಎಂದು!

ಸುದ್ದಿ ಕೇಳಿ ಕಾಕೂ ಜೊತೆ ಓಡಿಬಂದಿದ್ದ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಕಾಕೂ ನಗಲಿಲ್ಲ. ಸರದ ಖಾಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಕಾಕಾ ಆಗ ಆ ಡಬ್ಬಿ ನೋಡಿದರು.

“ನಿಮ್ಮವ್ವನ ಸರ ಅಲ್ಲೇನ ಅದು? ಕಬ್ಬಿಣದ ಅಲ್ಮಾರಿಯಾಗ ಯಾಕ ಇಡಲಿಲ್ಲ? ಮನಿಯಾಗ ಗಟ್ಟಿ ಕೀಲಿ ಇರೋದು ಅದೊಂದಕ್ಕ.”

“ಅದರ ತುಂಬ ನಿಮ್ಮ ವಹಿ ಇಟ್ಟೀನ್ರಿ,” ಎಂದರು ಕಾಕೂ. “ಅವು ಹೋದ್ರ ನಿಮಗ ಮತ್ತ ಬರಿಯಾಕ ಆಗ್ತಿತ್ತೇನು?”

ಕಾಕಾ ಎದ್ದು ಹೋಗಿ ಹಿತ್ತಲ ಬಾಗಿಲಿನ ಅಗುಳಿ ಹಾಕಿದರು. ಬಂದು ಕಾಕೂ ಪಕ್ಕದಲ್ಲಿ, ಬರಿ ನೆಲದ ಮೇಲೆ, ಊರುಗೋಲು ಬದಿಗಿಟ್ಟು ಕೂತರು.