ಅಡುಗೆ ಸುಯಮೀಂದ್ರನ ಮೂಗು

ಅಡುಗೆ ಸುಯಮೀಂದ್ರನ ಮೂಗು ಆರು ತಿಂಗಳಿಂದ ಕೆಲಸ ಬಿಟ್ಟು ಕೂತಿತ್ತು. ಮುಖದ ಮೇಲೆ ತನ್ನ ಜಾಗದಲ್ಲೇ ಇತ್ತು, ನೋಡಲು ಲಕ್ಷಣವಾಗಿಯೂ ಇತ್ತು. ಆದರೆ ಅದಕ್ಕೆ ಇಂಗೂ ಒಂದೇ, ಇದ್ದಿಲೂ ಒಂದೇ.

ಗುಮಾಸ್ತನಿಗೋ ಮೇಷ್ಟರಿಗೋ ಹೀಗಾಗಿದ್ದರೆ ಹೇಗೋ ನಡೆಯುತ್ತಿತ್ತು. ಮಡಿ ಅಡುಗೆಯವನ ಪಾಡು ಬೇರೆ. ದೇವರಿಗೆ ನೈವೇದ್ಯ ಆಗುವ ತನಕ ಅವನು ಒಂದು ಹನಿ ಸಾರನ್ನೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಉಪ್ಪು ಬಿದ್ದಿದೆಯೋ ಇಲ್ಲವೋ, ಹುಳಿ ಬೆಂದಿದೆಯೋ ಇಲ್ಲವೋ, ಎಲ್ಲವನ್ನೂ ಸುಯಮೀಂದ್ರ ಇಪ್ಪತ್ತು ವರ್ಷ ಆವಿಯಿಂದಲೇ ಹೇಳಿದವನು. ಹೋದ ತಿಂಗಳು ಒಂದು ಉಪನಯನದಲ್ಲಿ ಪಾಯಸ ತಳ ಹಿಡಿದದ್ದು ಓಣಿಯ ಕೊನೆಯವರಿಗೂ ಗೊತ್ತಾಯಿತು, ಪಾತ್ರೆಯ ಪಕ್ಕದಲ್ಲಿ ನಿಂತಿದ್ದ ಅವನಿಗೆ ಮಾತ್ರ ಗೊತ್ತಾಗಲಿಲ್ಲ. ಆಮೇಲೆ ಆದೋನಿಯಲ್ಲಿ ಅವನನ್ನು ಅಡುಗೆಗೆ ಕರೆಯುವವರೇ ಇಲ್ಲವಾದರು.

ಇವತ್ತು ಅವನ ಹಣೆಬರಹ ತಿದ್ದುವ ದಿನ. ಆಸ್ಪರಿ ರಸ್ತೆಯ ಛತ್ರಕ್ಕೆ ಕಾಯಂ ಅಡುಗೆಯವನು ಬೇಕಾಗಿದ್ದ. ಛತ್ರದ ಹಿರಿಯರಾದ ಸೇತುಮಾಧವಾಚಾರ್ಯರು ಇವತ್ತಿನ ಅಡುಗೆ ನೋಡಿ ತೀರ್ಮಾನ ಹೇಳುವವರಿದ್ದರು. ಈ ಕೆಲಸವೂ ಕೈತಪ್ಪಿದರೆ ಹೆಂಡತಿ ವಿಷ್ಣುಪ್ರಿಯಾಳ ತವರಿಗೆ ಹೋಗಿ ಬಾವಮೈದುನನ ಅಂಗಡಿಯಲ್ಲಿ ಪೊಟ್ಟಣ ಕಟ್ಟುವುದೊಂದೇ ಉಳಿದಿತ್ತು.

ನಾಲ್ಕು ದಿನದ ಹಿಂದೆ ಅವನು ಡಾಕ್ಟರಲ್ಲಿಗೂ ಹೋಗಿದ್ದ. ಅವರು ಮೂಗಿನೊಳಗೆ ಸಣ್ಣ ದುರ್ಬೀನು ಇಳಿಸಿ, ಟೀವಿಯಲ್ಲಿ ತೋರಿಸಿದರು.

"ಇವಕ್ಕ ಪಾಲಿಪ್ಸ್ ಅಂತಾರ. ಮೂಗಿನ ಒಳಗಿನ ಪದರ ಬಹಳ ದಿನ ಬಾತುಕೊಂಡು, ದ್ರಾಕ್ಷಿ ಗೊಂಚಲಿನಂಗ ಜೋತು ಬಿದ್ದಾವ. ಕ್ಯಾನ್ಸರ್ ಅಲ್ಲ, ಹೆದರಬ್ಯಾಡ್ರಿ. ದಿನಾ ಉಪ್ಪುನೀರಿಲೆ ಮೂಗು ತೊಳೀರಿ, ಈ ಸ್ಪ್ರೇ ಹೊಡಕೊಳ್ರಿ, ಐದು ದಿನ ಗುಳಿಗಿ ತಗೊಳ್ರಿ. ಇಳೀಲಿಲ್ಲಂದ್ರ ಆಪರೇಷನ್ ಮಾಡಿ ತೆಗಿಯೋಣು."

"ತೆಗದ್ರ ಕಾಯಂ ಹೋಗ್ತಾವೇನ್ರಿ?"

"ತಿರುಗಿ ಬರಬಹುದು. ಅದಕ್ಕ ಆಪರೇಷನ್ ಆದಮ್ಯಾಲೂ ಸ್ಪ್ರೇ ಬಿಡಬಾರದು."

ತಿರುಗಿ ಬರುವುದಾದರೆ ತೆಗೆಯುವುದೇಕೆ, ತೆಗೆಯುವುದಾದರೆ ತೊಳೆಯುವುದೇಕೆ? ಯೋಚಿಸಿದಷ್ಟೂ ಸುಯಮೀಂದ್ರನ ತಲೆ ಮೂಗಿಗಿಂತ ಹೆಚ್ಚು ಕಟ್ಟಿಕೊಂಡಿತು. ಅರ್ಥವಾಗದಿದ್ದರೂ ಹೇಳಿದ್ದನ್ನೆಲ್ಲ ಮಾಡುತ್ತ ಬಂದ.

ಬೆಳಿಗ್ಗೆ ಛತ್ರದಲ್ಲಿ ಸ್ನಾನ ಮಾಡಿ, ಮಡಿ ಉಟ್ಟು, ಸಾರು ಒಲೆಗಿಟ್ಟು, ಕಂಬದ ಮರೆಗೆ ಹೋಗಿ ಸ್ಪ್ರೇ ಎತ್ತಿದ. ಅಷ್ಟರಲ್ಲಿ ಅವನ ಪಕ್ಕದ ಮನೆಯ ಜಯಾಬಾಯಿ ಪ್ರತ್ಯಕ್ಷರಾದರು. ತರಕಾರಿ ಹೆಚ್ಚಿಕೊಡಲು ಬಂದಿದ್ದರು. ಹೆಚ್ಚುವುದಕ್ಕಿಂತ ಹೇಳುವುದೇ ಅವರದು ಹೆಚ್ಚು.

"ಏನೋ ಸುಯಮೀಂದ್ರಾ, ಮಡಿಯೊಳಗ ಔಷಧೇನು? ಅದು ಗಂಟಲಿಗೆ ಇಳೀತಂದ್ರ ನೈವೇದ್ಯಕ್ಕ ಮುಂಚೆ ಕುಡದಂಗ ಆಗಂಗಿಲ್ಲೇನು?"

ಸಹಾಯದ ಅಡುಗೆಯವನಾದ ರಾಘು ಒಳಗಿನಿಂದಲೇ ಕೂಗಿದ. "ಮೂಗಿನಿಂದ ಹೋದದ್ದು ಕುಡದಂಗ ಹೆಂಗ ಆಗ್ತದರೀ ಜಯಕ್ಕಾ?"

"ಯಾವ ಬಾಗಿಲಿಂದ ಬಂತಂತ ಹೊಟ್ಟಿ ಕೇಳ್ತದೇನೋ?"

ವಾದ ಜೋರಾಯಿತು. ಸುಯಮೀಂದ್ರ ಎರಡೂ ಕಡೆ ತಲೆಯಾಡಿಸಿ, ಕೊನೆಗೆ ಸ್ಪ್ರೇಯನ್ನು ಗೂಡಿನಲ್ಲಿಟ್ಟ. ಈ ಗಲಾಟೆಯಲ್ಲಿ ಅವನಿಗೆ ಇನ್ನೊಂದು ಮರೆತುಹೋಯಿತು.

"ರಾಘು, ಸಾರಿಗೆ ಉಪ್ಪು ಹಾಕಿದ್ನೇನೋ?"

"ಹಾಕೀನಿ ಅಂದ್ರೆಲ್ಲಾ ಅಣ್ಣಾ."

"ಅಂದಿದ್ನೋ, ಹಾಕಿದ್ನೋ?"

"ಅಂದದ್ದು ಕೇಳೀನಿ, ಹಾಕಿದ್ದು ನೋಡಿಲ್ಲ."

ಹಾಕಿದ್ದರೆ ಹೆಚ್ಚಾದೀತು, ಹಾಕದಿದ್ದರೆ ಸಪ್ಪೆಯಾದೀತು ಎಂದು ಅವನು ದೇವರ ಮೇಲೆ ಭಾರ ಹಾಕಿ ಅರ್ಧ ಹಿಡಿ ಉಪ್ಪು ಸುರಿದ. (ಮೂಗು ಕಟ್ಟಿದ ಅವನ ಬಾಯಲ್ಲಿ 'ಮ' ಎಲ್ಲ 'ಬ' ಆಗುತ್ತಿತ್ತು, 'ನ' ಎಲ್ಲ 'ದ' ಆಗುತ್ತಿತ್ತು. ಓದುವವರ ಅನುಕೂಲಕ್ಕೆ ಸರಿಪಡಿಸಿ ಬರೆದಿದೆ.)

ಕೋಸಗಿಯಿಂದ ರೈಲಿನಲ್ಲಿ ತರಕಾರಿ ತರುವ ಹುಲುಗಮ್ಮ ಹಿತ್ತಲ ಬಾಗಿಲಲ್ಲಿ ಬುಟ್ಟಿ ಇಳಿಸಿದಳು. ಜಯಾಬಾಯಿಯಿಂದಾಗಿ ಅವಳಿಗೂ ಮೂಗಿನ ಸುದ್ದಿ ಮೊದಲೇ ಮುಟ್ಟಿತ್ತು.

"ಏಂ ಕಾದು ಸಾಮಿ, ಏನೂ ಆಗಂಗಿಲ್ಲ! ನಮ್ಮ ಮಾವಗೂ ಹಿಂಗ ಆಗಿತ್ತು. ಕರಿಜೀರಗಿ ಹುರದು, ಬಟ್ಟ್ಯಾಗ ಕಟ್ಟಿ ಜೋರಾಗಿ ಎಳಕೊಂಡ್ರು. ನೀವೂ ಎಳಕೊಳ್ರಿ. ಗಂಟು ತಂದೀನಿ."

ಆಸೆ ಕೆಟ್ಟದ್ದು. ಸುಯಮೀಂದ್ರ ಹಿತ್ತಲಿಗೆ ಹೋಗಿ ಎಳೆದುಕೊಂಡ. ವಾಸನೆ ಬರಲಿಲ್ಲ, ಸೀನು ಬಂತು. ಒಂದಲ್ಲ, ಹದಿನೇಳು. ಕಣ್ಣು, ಮೂಗು, ಮಡಿ ಪಂಚೆ ಎಲ್ಲ ಒದ್ದೆಯಾದವು.

"ನಿಮ್ಮ ಮಾವಗ ಇದರಿಂದ ವಾಸಿ ಆತೇನವಾ?" ಎಂದು ಸೀನಿನ ನಡುವೆ ಕೇಳಿದ.

"ಎಲ್ಲಿ ಆತ್ರೀ? ಬಳ್ಳಾರಿಗೆ ಹೋಗಿ ಆಪರೇಷನ್ ಮಾಡಿಸ್ಕೊಂಡ್ರು."

ಅವನು ಮತ್ತೆ ಸ್ನಾನ ಮಾಡಿ, ಹಸಿ ಪಂಚೆ ಸುತ್ತಿಕೊಂಡು ಒಲೆಯ ಮುಂದೆ ನಿಲ್ಲುವಷ್ಟರಲ್ಲಿ ಹನ್ನೊಂದಾಗಿತ್ತು. ಸೇತುಮಾಧವಾಚಾರ್ಯರು ಆಗಲೇ ಬಂದು, ಅಡುಗೆಮನೆ ಕಾಣುವಂತೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವರ ಎರಡು ಕಣ್ಣೂ ಸುಯಮೀಂದ್ರನ ಮೂಗಿನ ಮೇಲೇ ಇದ್ದಂತಿತ್ತು.

ಜಯಾಬಾಯಿ ಹತ್ತಿರ ಬಂದು ಪಿಸುಗುಟ್ಟಿದರು. "ಪಾಯಸದ ಸುದ್ದಿ ಅವರ ಕಿವಿಗೆ ಬಿದ್ದಿರಬೇಕು ನೋಡು. ಹೆದರಬ್ಯಾಡ. ಒಂದೊಂದು ಪಾತ್ರಿಗೂ ಬಗ್ಗಿ, ಸಪ್ಪಳ ಬರೋಹಂಗ ಮೂಸು. ಮೂಗಿನ ಬಗ್ಗೆ ಸಂಶಯನ ಬರಬಾರದು."

ಈ ಮಾತು ಅವನಿಗೆ ಬ್ರಹ್ಮೋಪದೇಶದಂತೆ ಕೇಳಿಸಿತು. ಸಾರಿನ ಪಾತ್ರೆಗೆ ಬಗ್ಗಿ, ಕಟ್ಟಿದ ಮೂಗಿನಿಂದ ಸೊರ್ರೆಂದು ಎಳೆದ. ಗಾಳಿ ಒಳಗೆ ಹೋಗಲಿಲ್ಲ, ಸಪ್ಪಳ ಮಾತ್ರ ಹಾಲ್‌ವರೆಗೆ ಹೋಯಿತು. "ರಾಘು, ಇಂಗು ಅರ್ಧ ಚಿಟಿಕಿ ಕಮ್ಮಿ ಅದ!" ಹುಳಿಗೆ ಬಗ್ಗಿದ. "ಬ್ಯಾಳಿ ಇನ್ನೊಂದು ಕುದಿ ಬರಲಿ!" ಚಿತ್ರಾನ್ನಕ್ಕೆ ಬಗ್ಗಿದ. ಪಾಯಸಕ್ಕೆ ಎರಡು ಸಲ ಬಗ್ಗಿದ, ಹಳೆಯ ಕಳಂಕ ಹೋಗಲೆಂದು. ಆವಿ ಹೊಡೆದು ಮೂಗಿನ ತುದಿ ಕೆಂಪಾದರೂ ಬಿಡಲಿಲ್ಲ. ಕುಡಿಯುವ ನೀರಿನ ಕೊಡವನ್ನೂ ಮೂಸಿಬಿಟ್ಟ. ರಾಘು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ಎಲ್ಲ ಅಡುಗೆ ಸಿದ್ಧವಾಗಿ ದೇವರ ಮುಂದೆ ಬಂತು. ಹಾಲ್‌ನಲ್ಲಿ ನಲವತ್ತು ಎಲೆ ಹಾಕಿ ಜನ ಕಾಯುತ್ತಿದ್ದರು. ಆಚಾರ್ಯರು ತುಳಸಿ ಕೈಗೆ ತೆಗೆದುಕೊಳ್ಳಲೇ ಇಲ್ಲ.

"ಇದು ದೇವರಿಗೆ ನಡಿಯಂಗಿಲ್ಲ."

ಸುಯಮೀಂದ್ರ ಕೈ ಜೋಡಿಸಿದ. "ಯಾಕ್ರೀ ಆಚಾರ್ಯರೇ? ಒಂದು ಹನಿನೂ ನಾಲಗಿಗೆ ಮುಟ್ಟಿಸಿಲ್ರೀ."

"ಮೂಸಿಲ್ಲೇನು? ಇಪ್ಪತ್ತೆರಡು ಸಲ, ನಾನ ಎಣಿಸೀನಿ. ಮೂಸಿದ ಹೂವು ದೇವರಿಗೆ ಏರಿಸ್ತಿಯೇನು? ಹೂವಿಗೊಂದು ನ್ಯಾಯ, ಹುಳಿಗೊಂದು ನ್ಯಾಯನ? ಹಿಂದಿನ ಅಡಿಗಿಯವನ್ನ ಬಿಡಿಸಿದ್ದು ಇದಕ್ಕ. ನಡಿ, ನೀನೂ ನಡಿ."

ಸುಯಮೀಂದ್ರ ಜಯಾಬಾಯಿಯ ಕಡೆ ನೋಡಿದ. ಅವರು ಮೇಲೆ ತಿರುಗುವ ಫ್ಯಾನನ್ನು ಮೊದಲ ಸಲ ಕಂಡವರಂತೆ ನೋಡುತ್ತಿದ್ದರು. ಅವನಿಗೆ ಅಳುವೇ ಬಂತು. ಕೆಲಸ ಹೇಗೂ ಹೋಯಿತು, ಇನ್ನು ಮಾನ ಕಟ್ಟಿಕೊಂಡು ಏನು ಮಾಡುವುದು?

"ಆಚಾರ್ಯರೇ, ನನಗ ವಾಸನೀನ ಬರಂಗಿಲ್ರೀ! ಮೂಗಿನ ತುಂಬ ದ್ರಾಕ್ಷಿ ಗೊಂಚಲು ಬೆಳದಾವ. ಆರು ತಿಂಗಳಾತು. ಎಲ್ಲಿ ಕೆಲಸ ಹೋಗ್ತದೋ ಅಂತ ಸುಮ್ಮನ ಮೂಸಿದಂಗ ಮಾಡಿದೆ."

ಆಚಾರ್ಯರು ನಂಬಲಿಲ್ಲ. ಕಣ್ಣು ಮುಚ್ಚಿಸಿ, ರಾಘುವಿನ ಕೈಯಿಂದ ಇಂಗಿನ ಡಬ್ಬಿಯನ್ನೇ ಮೂಗಿಗೆ ಹಿಡಿಸಿದರು.

"ಏನಿದು ಹೇಳು?"

"ಗಂಧ ಏನ್ರೀ?" ಎಂದ ಸುಯಮೀಂದ್ರ.

ನಲವತ್ತು ಹಸಿದ ಹೊಟ್ಟೆಗಳ ಮುಂದೆ ಆಚಾರ್ಯರು ಕಣ್ಣು ಮುಚ್ಚಿ ಯೋಚಿಸಿದರು. ನಿಧಾನವಾಗಿ ಅವರ ಮುಖ ಅರಳಿತು.

"ವಾಸನಿ ಒಳಗ ಹೋಗದ ಮೂಗಿಲೆ ಮೂಸಿದ್ರ ಅದು ಮೂಸಿದಂಗ ಅಲ್ಲ. ದೋಷ ಇಲ್ಲ!"

ನೈವೇದ್ಯವಾಯಿತು, ಮಂಗಳಾರತಿಯಾಯಿತು, ಎಲೆಗಳಿಗೆ ಬಡಿಸಿದರು. ದೇವರ ದಯೆಯೋ ಅರ್ಧ ಹಿಡಿಯ ಮಹಿಮೆಯೋ, ಉಪ್ಪು ಹದವಾಗಿತ್ತು. ಜನ ಎರಡೆರಡು ಸಲ ಸಾರು ಹಾಕಿಸಿಕೊಂಡರು. ಆಚಾರ್ಯರು ಸುಯಮೀಂದ್ರನನ್ನು ಹತ್ತಿರ ಕರೆದರು.

"ಇವತ್ತಿಂದ ಕೆಲಸ ನಿಂದು. ಅಡಿಗಿ ಬರ್ತದ, ಮೂಸಲಿಕ್ಕೆ ಬರಂಗಿಲ್ಲ. ಇಂಥ ಅಡಿಗಿಯವ ಇಡೀ ಕರ್ನೂಲು ಜಿಲ್ಲಾದಾಗ ಸಿಗಂಗಿಲ್ಲ. ಆದ್ರ ಔಷಧ, ಆಪರೇಷನ್ ಅಂತ ಓಡಾಡಬ್ಯಾಡ. ಆ ಮೂಗು ತೆರದ ದಿನ ನಿನ್ನ ಕೆಲಸನೂ ಮುಗೀತು."

ಸುಯಮೀಂದ್ರನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೈ ಮುಗಿದು, ಸಾರಿನ ಬಕೆಟ್ ಎತ್ತಿಕೊಂಡು ಮತ್ತೆ ಬಡಿಸಲು ಹೊರಟ. ಎರಡು ಹೆಜ್ಜೆ ಇಟ್ಟವನು ನಿಂತುಬಿಟ್ಟ.

ಎಲ್ಲಿಂದಲೋ ಏನೋ ಬಂತು. ಮೊದಲು ಎಳೆಯಷ್ಟು ಸಣ್ಣಗೆ, ಆಮೇಲೆ ಧಾರಾಳವಾಗಿ. ಕರಿಬೇವು. ಅದರ ಹಿಂದೆ ತುಪ್ಪದ ಒಗ್ಗರಣೆ. ಅದರ ಹಿಂದೆ ಇಂಗು, ಸಾಕ್ಷಾತ್ ಇಂಗು! ಡಾಕ್ಟರ ಗುಳಿಗೆಗಳು ನಾಲ್ಕನೆಯ ದಿನಕ್ಕೆ ತಮ್ಮ ಕೆಲಸ ಮುಗಿಸಿದ್ದವು. ಆರು ತಿಂಗಳ ಮೇಲೆ ತನ್ನ ಕೈಯ ಸಾರಿನ ಪರಿಮಳ ಸಿಕ್ಕಿ ಅವನ ಕಣ್ಣು ತುಂಬಿ ಬಂತು. ಅದೇ ಗಳಿಗೆಯಲ್ಲಿ ಆಚಾರ್ಯರ ಮಾತೂ ನೆನಪಿಗೆ ಬಂತು.

"ಸುಯಮೀಂದ್ರಾ," ಎಂದು ಆಚಾರ್ಯರು ಎಲೆಯ ಮುಂದಿನಿಂದ ಕರೆದರು. "ಸಾರು ಏನು ಘಮಘಮ ಅಂತದೋ! ಪಾಪ, ನಿನಗೊಬ್ಬನಿಗೇ ಅದರ ಭಾಗ್ಯ ಇಲ್ಲ."

ಸುಯಮೀಂದ್ರ ಎಡಗೈಯಿಂದ ಉತ್ತರೀಯ ಎಳೆದು ಮೂಗು ಬಿಗಿಯಾಗಿ ಮುಚ್ಚಿಕೊಂಡ.

"ಏದು ಬಾಡೋದ್ರೀ ಆಚಾರ್ಯರೇ," ಎಂದ, "ದದ್ದ ಕರ್ಬ."