ಫಸ್ಟ್ ಬಂದ ಬೇವಿನ ಮರ

ಬೇರೆಯವರು ನಗಬೇಕೆಂದರೆ ಮೊಬೈಲಿಗೆ ಡೇಟಾ ಹಾಕಿಸುತ್ತಾರೆ. ನನಗೆ ಆ ಖರ್ಚಿಲ್ಲ. ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವಾಗ ಒಳಗೆ ತಿರುಗಿದರೆ ನಮ್ಮೂರು. ಊರ ಸರ್ಕಾರಿ ಶಾಲೆ ನಮ್ಮ ಮನೆಯ ಎದುರಿಗೇ ಇದೆ. ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರೂ ಸಾಕು, ದಿನಕ್ಕೊಂದು ತಮಾಷೆ ತಾನಾಗಿ ನಡೆದುಕೊಂಡು ಬರುತ್ತದೆ. ಈ ಸಲದ ತಮಾಷೆಯಲ್ಲಿ ಮಾತ್ರ ನಾನೇ ಸಿಕ್ಕಿಕೊಂಡೆ.

ಬಾಯಿಗೆ ಸಿಕ್ಕ ಹುದ್ದೆ

ನನ್ನ ಮಗಳು ಮೂರನೆಯ ತರಗತಿ. ಆ ತರಗತಿಯ ಕೋಣೆಯ ಚಾವಣಿ ಉದುರತೊಡಗಿದ್ದರಿಂದ ಅದಕ್ಕೆ ಬೀಗ ಹಾಕಿದ್ದರು. ಮಕ್ಕಳು ಅಂಗಳದ ಬೇವಿನ ಮರದ ಕೆಳಗೆ ಕೂತು ಕಲಿಯುತ್ತಿದ್ದರು. ಮಳೆ ಬಂದರೆ ಪಾಠವಿಲ್ಲ.

ಪಾಲಕರ ಸಭೆಯಲ್ಲಿ ಎಲ್ಲರೂ ಚಹಾ ಕುಡಿದು ಏಳುವ ಹೊತ್ತಿಗೆ ನಾನು ಎದ್ದು ನಿಂತೆ. "ಸರ್, ಆಕಾಶದಾಗ ಸ್ವಲ್ಪ ಮೋಡ ಆದ್ರ ಸಾಕು, ನನ್ನ ಮಗಳು ಪಾಟಿಚೀಲ ತೊಗೊಂಡು ಮನಿಗಿ ಬರ್ತಾಳ. ಬ್ಯಾಸಗ್ಯಾಗ ಕಲತ ಮಗ್ಗಿ ಮಳಗಾಲದಾಗ ಮರೀತಾಳ. ನಿಮ್ಮ ಆಫೀಸ್ ಖೋಲಿ ಮಾತ್ರ ಸೋರಂಗಿಲ್ಲ, ಹೌದಿಲ್ರಿ?"

ಕುರ್ಚಿಯ ಮೇಲೆ ತೂಕಡಿಸುತ್ತಿದ್ದ ಶಾಲಾ ಸಮಿತಿಯ ಅಧ್ಯಕ್ಷರು, ನಮ್ಮೂರ ಹಿರಿಯ ರೈತರು, ಬೆಚ್ಚಿ ಎದ್ದರು. ಹೆಡ್ ಸರ್ ಮಾತ್ರ ಸಿಟ್ಟಾಗಲಿಲ್ಲ. "ತಂಗಿ, ಸಮಿತಿಗಿ ಒಬ್ಬ ಹೆಣ್ಮಗಳು ಬೇಕಾಗ್ಯಾಳ. ನೀನೇ ಬಾ. ಇದೇ ಮಾತು, ಇದೇ ದನಿಯಾಗ, ಮ್ಯಾಲಿನ ಸಾಹೇಬರ ಮುಂದ ಮಾತಾಡು" ಅಂದರು.

ಹತ್ತನೆಯ ತರಗತಿಗೆ ಶಾಲೆ ಬಿಡಿಸಿದ್ದ ನನಗೆ ಶಾಲೆಯಲ್ಲೇ ಹುದ್ದೆ! ಖುಷಿಯಿಂದ ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆ ಎರಡೂ ಕೈ ಜೋಡಿಸಿದರು. "ದೇವರು ಕಣ್ಣು ತೆರದ ನೋಡು. ಇಷ್ಟು ದಿನ ನಿನ್ನ ಬೈಗುಳ ನಾವಷ್ಟೇ ತಿಂತಿದ್ವಿ. ಇನ್ನ ಸರ್ಕಾರಕ್ಕೂ ಪಾಲು."

ಕೆಂಪು ಬಣ್ಣದ ಒಂದು

ನಾನು ಹೋದಲ್ಲಿ ಬಂದಲ್ಲಿ ಕೇಳಿದ್ದಕ್ಕೋ, ನನ್ನ ಕಾಟ ತಪ್ಪಲಿ ಎಂದೋ, ಹೊಸ ಕೋಣೆ ಮಂಜೂರಾಯಿತು. ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದು ಟೇಪು ಹಿಡಿದು ಅಂಗಳ ಅಳೆದರು. ಅವರ ಜೊತೆಗಿದ್ದವನು ಬೇವಿನ ಮರದ ಬುಡಕ್ಕೆ ಕೆಂಪು ಬಣ್ಣದಲ್ಲಿ ಒಂದು ದುಂಡು ಬರೆದು, ಅದರೊಳಗೆ ಒಂದು ಎಂಬ ಅಂಕಿ ಹಾಕಿದ. ಹೋದರು.

ಜೀಪು ತಿರುಗುವಷ್ಟರಲ್ಲಿ ಶಾಲೆಯೆಲ್ಲ ಕುಣಿಯತೊಡಗಿತು. ಮಕ್ಕಳು ಕೆಂಪು ದುಂಡಿನೊಳಗೆ ಅಂಕಿ ನೋಡಿದ್ದು ಪರೀಕ್ಷೆಯ ಪೇಪರಿನಲ್ಲಿ ಮಾತ್ರ. "ನಮ್ಮ ಗಿಡ ಫಸ್ಟ್ ಬಂದದ! ನಮ್ಮ ಗಿಡ ಫಸ್ಟ್ ಬಂದದ!"

ಬಿಸಿಯೂಟ ಮಾಡುವಾಕೆ, ಎಲ್ಲರೂ ಖಾಲಾ ಅಂದರೆ ಚಿಕ್ಕಮ್ಮ ಎಂದು ಕರೆಯುವವಳು, ಅಡುಗೆಮನೆಯಿಂದ ಬೆಲ್ಲ ತಂದು ಎಲ್ಲರ ಕೈಗೂ ಒಂದೊಂದು ಚೂರು ಇಟ್ಟಳು. "ನಾ ಮದಿವ್ಯಾಗಿ ಈ ಊರಿಗಿ ಬಂದಾಗಿಂದ ನೋಡಾಕತ್ತೇನಿ, ಒಂದಿನ ಗೈರುಹಾಜರಿ ಇಲ್ಲ. ಅದು ಫಸ್ಟ್ ಬರಲಾರದ ಮತ್ತ ಯಾರು ಬರಬೇಕು?"

ಬೆಲ್ಲ ಕರಗುವ ಮೊದಲೇ ಹೆಡ್ ಸರ್ ನಿಜ ಹೇಳಬೇಕಾಯಿತು. ಹೊಸ ಕೋಣೆ ಬರುವುದು ಮರವಿರುವ ಜಾಗದಲ್ಲಿ. ಆ ಅಂಕಿ ಕಡಿಯಬೇಕಾದ ಮರದ ಗುರುತು.

ಆಗ ಮೂರನೆಯ ತರಗತಿಯಲ್ಲಿ ಯಾವಾಗಲೂ ಫಸ್ಟ್ ಬರುವ ಹುಡುಗಿ ಕೈ ಎತ್ತಿದಳು. "ಸರ್, ಫಸ್ಟ್ ಬಂದವರಿಗಿ ಕಡೀತಾರಂದ್ರ, ನಾ ನಾಳಿಂದ ಓದಂಗಿಲ್ರಿ."

ಹೆಮ್ಮೆ ಎಂದರೇನು

ಅಂದಿನಿಂದ ನನ್ನ ಮಗಳು ನನ್ನ ಜೊತೆ ಮಾತು ಬಿಟ್ಟಳು. "ಖೋಲಿ ಬೇಕಂದಾಕಿ ನೀನೇ" ಎಂದಷ್ಟೇ ಹೇಳಿ ಅಜ್ಜಿಯ ಪಕ್ಕ ಮಲಗಿದಳು. ನನಗೆ ಕೋಣೆಯೂ ಬೇಕು, ಮರವೂ ಬೇಕು, ಎಲ್ಲಕ್ಕಿಂತ ಮೊದಲು ಮಗಳು ಬೇಕು. ಮೂರನ್ನೂ ಒಂದೇ ಅಂಗಳದಲ್ಲಿ ಹೇಗೆ ಹಿಡಿಸುವುದು?

ಅದೇ ಶನಿವಾರ ಹೆಡ್ ಸರ್ ಪಾಲಕರನ್ನು ಕೂಡಿಸಿ ಮಕ್ಕಳಿಂದ ಭಾಷಣ ಮಾಡಿಸಿದರು. ವಿಷಯ, ನಮ್ಮ ಶಾಲೆ ನಮ್ಮ ಹೆಮ್ಮೆ. ಹುಮನಾಬಾದಿನ ಇಂಗ್ಲಿಷ್ ಶಾಲೆಯ ವ್ಯಾನಿಗೆ ಮಕ್ಕಳನ್ನು ಹತ್ತಿಸಬೇಕೆಂದು ಕೆಲವರು ಯೋಚಿಸುತ್ತಿದ್ದರು. ಅವರ ಮನಸ್ಸು ತಿರುಗಲಿ ಎಂದು.

ಮೊದಲ ಹುಡುಗ ಬಂದು ಕೈ ಕಟ್ಟಿ ನಿಂತ. "ನಮ್ಮ ಸಾಲಿ ಹೆಮ್ಮಿ ಅಂದ್ರ ಬ್ಯಾಳಿ ಸಾರು. ಎರಡನೇ ಸಲ ಕೇಳಿದ್ರ ಖಾಲಾ ಹಾಕ್ತಾಳ. ಮೂರನೇ ಸಲ ಕೇಳಿದ್ರ ಬೈದು ಹಾಕ್ತಾಳ." ಕೂತುಬಿಟ್ಟ.

ಆಮೇಲೆ ನನ್ನ ಮಗಳು ಬಂದಳು. ನನ್ನ ಕಡೆ ನೋಡಲಿಲ್ಲ. "ಇಂಗ್ಲಿಷ್ ಸಾಲ್ಯಾಗ ಫ್ಯಾನ್ ಅದ. ಕರೆಂಟ್ ಹೋದ್ರ ನಿಲ್ತದ. ನಮ್ಮ ಬೇವಿನ ಗಿಡ ಕರೆಂಟ್ ಹೋದ್ರೂ ಗಾಳಿ ಕೊಡ್ತದ. ಅವರಿಗಿ ಕಳಿಯೋ ಲೆಕ್ಕ ಬುಕ್ಕಿನಾಗ ಅದ. ನಮ್ಮ ಲೆಕ್ಕ ಗಿಡದ ಮ್ಯಾಲ ಕೂತಿರ್ತದ. ಗಿಳಿ ಹಾರಿಹೋದ್ರ ಎಷ್ಟು ಉಳದ್ವು ಅಂತ ಸರ್ ಕೇಳ್ತಾರ, ನಾವು ಮ್ಯಾಲ ನೋಡಿ ಹೇಳ್ತೀವಿ. ಗಿಡ ಕಡದ್ರ ಉತ್ತರ ಎಲ್ಲಿ ನೋಡೂನು?"

ಹೆಡ್ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ವ್ಯಾನಿನ ಆಸೆಯಲ್ಲಿದ್ದ ಒಬ್ಬ ಅಪ್ಪ ಮಾತ್ರ ಕೇಳಿದ, "ಲೆಕ್ಕ ಬರೋಬ್ಬರಿ ಅದ ನೋಡವಾ. ಗಿಡದ ಮ್ಯಾಲ ಇಂಗ್ಲಿಷ್ ಬರ್ತದೇನು?"

ಮಗಳು ಸ್ವಲ್ಪ ಯೋಚಿಸಿ ಅಂದಳು, "ಇಂಗ್ಲಿಷ್ ಬರೋ ಗಿಳಿ ಇನ್ನಾ ಬಂದಿಲ್ರಿ."

ಮನೆಯೊಳಗೆ ಮರ್ಯಾದೆ

ಮುಂದಿನ ವಾರ ಪ್ರಾರ್ಥನೆಯಲ್ಲಿ ಮರ್ಯಾದೆಯ ಪಾಠವಾಯಿತು. ಜೀವ ಇರುವ ಎಲ್ಲಕ್ಕೂ ಮರ್ಯಾದೆ ಕೊಡಬೇಕು, ಮನೆಯಿಂದಲೇ ಶುರು ಮಾಡಬೇಕು ಎಂದು ಹೆಡ್ ಸರ್ ಹೇಳಿದರಂತೆ. ಮಗಳು ಸಂಜೆಯೇ ಅಪ್ಪನನ್ನು ಹಿಡಿದಳು. "ಅವ್ವಗ ಏ, ಲೇ ಅನಬ್ಯಾಡ. ಬರ್ರಿ, ಹೋಗ್ರಿ ಅನಬೇಕು."

ನನಗೆ ಇದು ಗೊತ್ತಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಹಿಂದಿನಿಂದ ಗಂಡಸಿನ ಮೆತ್ತನೆಯ ದನಿ ಕೇಳಿಸಿತು. "ಸ್ವಲ್ಪ ಚಾ ಕೊಡ್ತೀರೇನ್ರಿ?"

ಯಾರೋ ಬೀಗರು ಬಂದರೆಂದು ಹಿಟ್ಟಿನ ಕೈಯಲ್ಲೇ ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದು ನಿಂತೆ. ತಿರುಗಿ ನೋಡಿದರೆ ನನ್ನ ಗಂಡ! ನನ್ನ ತಲೆಯೆಲ್ಲ ಹಿಟ್ಟು, ಅವನ ಮುಖವೆಲ್ಲ ನಾಚಿಕೆ. ತವೆಯ ಮೇಲಿನ ರೊಟ್ಟಿ ಕರಿಯಾಯಿತು.

ಮೂಲೆಯಲ್ಲಿ ಕೂತಿದ್ದ ಅತ್ತೆ ಸಣ್ಣ ದನಿಯಲ್ಲಿ ನನ್ನನ್ನು ಕರೆದರು. "ಇಷ್ಟು ಮರ್ಯಾದಿ ಕೊಡಾಕತ್ತಾನಂದ್ರ ಎಲ್ಲೋ ಏನೋ ಮಾಡಿ ಬಂದಾನ. ಮೊದಲ ಅದು ಕೇಳು, ಚಾ ಆಮ್ಯಾಲ ಇಡು."

ಎರಡು ಮಾತು

ಆ ರಾತ್ರಿ ಊಟಕ್ಕೆ ಕೂತಾಗ ಮಗಳು ಕೊನೆಗೂ ನನ್ನ ಜೊತೆ ಮಾತಾಡಿದಳು. "ಅವ್ವಾ, ಸಾಲಿಗಿ ಯಾರು ಬಂದ್ರೂ ಶಾಲು ಹೊದಿಸಿ ಹಾರ ಹಾಕ್ತೀರಿ. ಇಷ್ಟು ದಿನ ನೆರಳು ಕೊಟ್ಟ ಗಿಡಕ್ಕ ಯಾಕ ಹಾಕಿಲ್ಲ?"

ಮರುದಿನ ಆಟೋ ಹತ್ತಿ ಬಸವಕಲ್ಯಾಣಕ್ಕೆ ಹೋಗಿ ಶಾಲು, ಹಾರ ತಂದೆ. ಇಂಜಿನಿಯರ್ ಸಾಹೇಬರು ಮರ ಕಡಿಯುವವನನ್ನು ಕರೆದುಕೊಂಡು ಬರುವ ದಿನ ಮಕ್ಕಳನ್ನು ಮರದ ಸುತ್ತ ನಿಲ್ಲಿಸಿದೆ. "ತಂಗಿ, ನನಗ ದೂರ ಎಲ್ಯಾರ ವರ್ಗ ಮಾಡಿದ್ರ ದಿನಾ ಬುತ್ತಿ ನೀನೇ ಕಳಿಸಬೇಕು ನೋಡು" ಎಂದು ಹೆಡ್ ಸರ್ ಬೆವರು ಒರೆಸಿಕೊಂಡರು.

ಸಾಹೇಬರು ಜೀಪಿನಿಂದ ಇಳಿದರು. ತಟ್ಟೆಯಲ್ಲಿ ಹಾರ, ಶಾಲು ಕಂಡ ಕೂಡಲೇ ರೂಢಿಯಂತೆ ಮುಗುಳ್ನಕ್ಕು ಕುತ್ತಿಗೆ ಬಗ್ಗಿಸಿದರು. ಬಗ್ಗಿದ ಕುತ್ತಿಗೆ ಬಗ್ಗಿಯೇ ಇತ್ತು, ಹಾರ ಬರಲಿಲ್ಲ.

"ಸಾಹೇಬ್ರ, ನಿಮಗಲ್ರಿ" ಅಂದಳು ನನ್ನ ಮಗಳು. "ಗಿಡಕ್ಕ. ನೀವು ಹಾಕೋರು."

ಅವರು ನೆಟ್ಟಗಾಗುವಷ್ಟರಲ್ಲಿ ಹಾರ ಅವರ ಕೈಗೆ ಬಂದಿತ್ತು. ಮಕ್ಕಳ ಚಪ್ಪಾಳೆ ಶುರುವಾಗಿತ್ತು. ಹಾಕದೆ ಏನು ಮಾಡುತ್ತಾರೆ? ಮರಕ್ಕೆ ಹಾರ ಕಟ್ಟಿದರು, ಶಾಲು ಸುತ್ತಿದರು. ನಾನು ಫೋಟೋ ಹೊಡೆದು, ಗಿಡ ಉಳಿಸಿದ ಸಾಹೇಬರು ಎಂದು ಬರೆದು ಊರ ಗ್ರೂಪಿಗೆ ಬಿಟ್ಟೇಬಿಟ್ಟೆ. ಹೆಡ್ ಸರ್ ಧೈರ್ಯ ತಂದುಕೊಂಡು, "ಸಾಹೇಬರು ಎರಡು ಮಾತು ಆಡಬೇಕು" ಅಂದರು. ಸಾಹೇಬರಿಗೆ ಭಾಷಣದ ಚಟ. ಗಿಡವೇ ಉಸಿರು, ಗಿಡವೇ ಮಳೆ ಎಂದು ಶುರು ಮಾಡಿದವರು, "ಇಂಥ ಗಿಡಕ್ಕ ಯಾರೂ ಕೈ ಹಚ್ಚಬಾರದು" ಎನ್ನುವ ತನಕ ಹೋಗಿ ಥಟ್ಟನೆ ನಿಂತರು. ತಾವು ಯಾಕೆ ಬಂದದ್ದೆಂದು ನೆನಪಾಗಿತ್ತು.

ಕೊಡಲಿ ಹಿಡಿದು ಭಕ್ತಿಯಿಂದ ಕೇಳುತ್ತಿದ್ದವನು ಕೇಳಿದ, "ಸಾಹೇಬ್ರ, ಈಗ ಕಡೀಲೋ, ಭಾಷಣಾ ಮುಗದ ಮ್ಯಾಲ ಕಡೀಲೋ?"

ಸಾಹೇಬರು ಮಕ್ಕಳ ಮುಖ ನೋಡಿದರು. ತಡೆಯಲಾರದೆ ನಕ್ಕರು. ನಕ್ಷೆ ಬಿಚ್ಚಿ ಅಡ್ಡ ತಿರುಗಿಸಿದರು. "ಖೋಲಿ ಆ ಮೂಲಿಗಿ ಸರಿಸಿದ್ರ ಎರಡೂ ಉಳೀತಾವ. ಆ ಮೂಲ್ಯಾಗ ಏನದ?"

"ಎಮ್ಮಿ!" ಎಂದರು ಮಕ್ಕಳೆಲ್ಲ.

"ಯಾರದು?"

ಮಕ್ಕಳು ಅಧ್ಯಕ್ಷರ ಕಡೆ ನೋಡಿದರು. ಅಧ್ಯಕ್ಷರು ಆಕಾಶ ನೋಡುತ್ತಿದ್ದರು. ನಾನೇ ಹೇಳಿದೆ, "ಸರ್ಕಾರದ್ದೇ ಇರಬೇಕ್ರಿ. ಸರ್ಕಾರಿ ಜಾಗಾದಾಗ ಕಟ್ಯಾರ. ಹರಾಜು ಹಾಕೂನು."

"ಏ, ನಂದವಾ, ನಂದು!" ಎಂದು ಅಧ್ಯಕ್ಷರು ಓಡಿ ಬಂದರು. ನಾಳೆಯೇ ಬಿಚ್ಚುವುದಾಗಿ ಎಲ್ಲರೆದುರು ಒಪ್ಪಿದರು.

ಮರುದಿನ ಬೆಳಿಗ್ಗೆ ನೋಡಿದರೆ ಎಮ್ಮೆ ಅದೇ ಮೂಲೆಯಲ್ಲಿ ನಿಂತಿದೆ. ಕೊರಳಲ್ಲಿ ಚೆಂಡುಹೂವಿನ ಹಾರ, ಬೆನ್ನ ಮೇಲೆ ಜರಿ ಶಾಲು. ಪಕ್ಕದಲ್ಲಿ ಅಧ್ಯಕ್ಷರು. "ಗಿಡಕ್ಕೊಂದು ನ್ಯಾಯ, ನನ್ನ ಎಮ್ಮಿಗೊಂದು ನ್ಯಾಯ ಏನ್ರಿ?"

ಹೆಡ್ ಸರ್ ಒಂದಿಷ್ಟೂ ನಗಲಿಲ್ಲ. ಮಕ್ಕಳನ್ನು ಸಾಲಾಗಿ ಕೂಡಿಸಿ, ಎಮ್ಮೆಗೆ ಕೈ ಮುಗಿದು, "ಸನ್ಮಾನ ಪಡೆದವರು ಈಗ ಎರಡು ಮಾತು ಆಡಬೇಕಾಗಿ ವಿನಂತಿ" ಅಂದರು.

ಎಮ್ಮೆ ಬಾಯಲ್ಲಿದ್ದ ಅರ್ಧ ಹಾರ ನುಂಗಿ, ಕತ್ತು ಎತ್ತಿ, ಊರಿಗೆಲ್ಲ ಕೇಳುವಂತೆ ಒಮ್ಮೆ ಒದರಿತು. ಆಮೇಲೆ ಇನ್ನೊಮ್ಮೆ. ಮಕ್ಕಳು ಬಿದ್ದು ಬಿದ್ದು ನಕ್ಕು ಚಪ್ಪಾಳೆ ಹೊಡೆದರು. ನನ್ನ ಮಗಳು ನಗುತ್ತ ನಗುತ್ತ ಬಂದು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಧ್ಯಕ್ಷರಿಗೂ ನಗು ತಡೆಯಲಾಗಲಿಲ್ಲ. ಗೂಟದಿಂದ ಹಗ್ಗ ಬಿಚ್ಚಿ ಎಮ್ಮೆಯ ಬೆನ್ನು ತಟ್ಟಿದರು.

"ನಡಿಯವಾ. ಭಾಷಣಾ ಚಲೋ ಆತು. ಇನ್ನ ಮನಿಗಿ ಹೋಗೂನು."